ಮನೆಯ ಬೆಕ್ಕು ಮತ್ತು ಹೂದಾನಿಯ ಲಿಲ್ಲಿ

ಸಹಾಬಿ ಅಬೂ ಕತಾದ(ರ)ರಿಗೆ ಸೊಸೆ ವುಝೂವಿಗೆ ನೀರು ತಂದಿಟ್ಟಾಗ ಬೆಕ್ಕೊಂದು ಬಂತು. ಅವರು ಅದನ್ನು ಓಡಿಸದೆ, ಕುಡಿಯಲು ಅನುಕೂಲವಾಗುವಂತೆ ಪಾತ್ರೆಯನ್ನೇ ಬಾಗಿಸಿದರು. ಸೊಸೆಗೆ ಆಶ್ಚರ್ಯವಾಯಿತು. ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆಯೇ ಸುತ್ತಾಡುವ ಜೀವಿ ಎಂದು ಪ್ರವಾದಿ(ಸ) ತಿಳಿಸಿದ್ದನ್ನು ಅವರು ವಿವರಿಸಿದರು. ಅಬೂದಾವೂದ್, ತಿರ್ಮಿದಿಗಳಲ್ಲಿ ಈ ವರದಿಯಿದೆ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದ ಮಹಿಳೆ ಶಿಕ್ಷೆಗೊಳಗಾದ ಹದೀಸನ್ನಂತೂ ನಾವೆಲ್ಲ ಕೇಳಿದ್ದೇವೆ.

ನಮ್ಮ ತಿಪಟೂರು, ತುರುವೇಕೆರೆ ಕಡೆ ಬೆಕ್ಕು ಬರೀ ಮುದ್ದಿಗಲ್ಲ. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇರಬೇಕು. ಅಲ್ಲಿ ಇಲಿ ಕಾಯುವುದು ಅದೇ. ತೆಂಗಿನ ಗರಿ ಕಡಿದರೆ ಅದಕ್ಕೆ ಏನೂ ಆಗದು. ಅಪಾಯವಿರುವುದು ಈಗ ನಡುಮನೆಗೆ ಬಂದಿರುವ ಅಲಂಕಾರದ ಗಿಡ, ಹೂಗಳಲ್ಲಿ.

ಎಲ್ಲಕ್ಕಿಂತ ಕೆಟ್ಟದ್ದು ವಲೀಮಾದ ಹೂಗುಚ್ಛಗಳಲ್ಲಿ ಬರುವ ದೊಡ್ಡ ಲಿಲ್ಲಿ. ಎಲೆ, ದಳ ಮಾತ್ರವಲ್ಲ, ಹೂದಾನಿಯ ನೀರೂ ಬೆಕ್ಕಿಗೆ ವಿಷ. ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು. ಮೊದಲು ವಾಂತಿ, ಮಂಕು. ಒಂದರಿಂದ ಮೂರು ದಿನಗಳಲ್ಲಿ ಮೂತ್ರಪಿಂಡ ನಿಂತುಹೋಗುತ್ತದೆ. ನಡುವೆ ಸ್ವಲ್ಪ ಚೇತರಿಸಿದಂತೆ ಕಾಣುವುದೂ ಉಂಟು, ಮೋಸ ಹೋಗಬಾರದು. 18 ಗಂಟೆಯೊಳಗೆ ಡ್ರಿಪ್ ಚಿಕಿತ್ಸೆ ಶುರುವಾದರೆ ಬದುಕುವ ಸಾಧ್ಯತೆ ಹೆಚ್ಚು. ಮನುಷ್ಯರಿಗಾಗಲಿ ನಾಯಿಗಾಗಲಿ ಈ ಹೂವಿನಿಂದ ಮೂತ್ರಪಿಂಡ ಕೆಡುವುದಿಲ್ಲ. ಹಾಗಾಗಿ ಯಾರಿಗೂ ಇದರ ಮೇಲೆ ಅನುಮಾನ ಬರುವುದಿಲ್ಲ.

ಬಾಟಲಿಯಲ್ಲಿ ಬೆಳೆಸುವ ಮನಿ ಪ್ಲಾಂಟ್ ಇಷ್ಟು ಕ್ರೂರಿಯಲ್ಲ. ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಅಂಗಳದ ಕಣಗಿಲೆ ಹೃದಯಕ್ಕೇ ತಾಗುವಂಥದ್ದು, ಮೇಕೆಗೂ ಮಕ್ಕಳಿಗೂ ಕೂಡ. ಕುಂಡದ ಸೈಕಸ್ ಯಕೃತ್ತನ್ನು ಕೆಡಿಸುತ್ತದೆ.

ತಿಳಿಯದೆ ಆದದ್ದಕ್ಕೆ ಗುನಾಹ್ ಇದೆಯೇ ಎಂದು ಕೇಳುವವರಿದ್ದಾರೆ. ಅರಿಯದೆ ಆದದ್ದನ್ನು ಅಲ್ಲಾಹನು ಮನ್ನಿಸುವನೆಂಬ ಭರವಸೆ ನಮಗಿದೆ. ತಿಳಿದ ಮೇಲೂ ಆ ಹೂವನ್ನು ಮೇಜಿನ ಮೇಲಿಟ್ಟು ಬೆಕ್ಕನ್ನು ಒಳಗೆ ಬಿಡುವುದು ಬೇರೆ ಮಾತು. ಎತ್ತರದಲ್ಲಿಟ್ಟರೆ ಸಾಕೆನ್ನಬೇಡಿ, ಅಟ್ಟ ಹತ್ತುವ ಪ್ರಾಣಿ ಅದು! ಲಿಲ್ಲಿ ಮನೆಯೊಳಗೆ ಬಾರದಿರಲಿ. ಬೆಕ್ಕಿಗೆ ಹಸಿರು ಮೆಲ್ಲುವ ಆಸೆಯಿದ್ದರೆ ಕುಂಡವೊಂದರಲ್ಲಿ ಗೋಧಿ ಚೆಲ್ಲಿ, ಮೊಳಕೆ ಹುಲ್ಲು ಸಾಕು.

ಕಚ್ಚಿದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅದೇ ಬೆಕ್ಕನ್ನು ಕೊಲ್ಲುತ್ತದೆ. ಮೈಯ ಮೇಲಿನ ಪರಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆಳಗಾಗಲೆಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ಹೋಗುವಾಗ ಆ ಗಿಡದ ಎಲೆಯೊಂದನ್ನೂ ಜೊತೆಗೆ ಒಯ್ಯಿರಿ.