ಮೇಣಕ್ಕೆ ಕರಗುವ ಬಿಂದು ಒಂದೇ ಏನು?

ಸ್ಥಿತಿ ಬದಲಾವಣೆಯ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವ ವಸ್ತು ಮೇಣ. ಅದು ಅಗ್ಗ, ಬೇಗ ಕರಗುತ್ತದೆ, ಎಲ್ಲೆಡೆ ಸಿಗುತ್ತದೆ. ಆದರೆ ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಣಿಯುತ್ತಿರುವ ಮೇಣದ ಉಷ್ಣತೆ ಪುಸ್ತಕದ ನಕ್ಷೆಯಲ್ಲಿರುವಂತೆ ಒಂದೆಡೆ ನಿಲ್ಲುವುದಿಲ್ಲ. ನಿಧಾನವಾಗಿ ಇಳಿಯುತ್ತಲೇ ಹೋಗುತ್ತದೆ. ಆಗ ಮಕ್ಕಳು ಅಳತೆಗಳನ್ನು ತಿದ್ದಿ ಸಮತಲ ಗೆರೆ ಎಳೆಯುತ್ತಾರೆ. ಅದಕ್ಕೆ ಅಂಕವೂ ಸಿಗುತ್ತದೆ. ನಿಜಕ್ಕೂ ಸರಿಯಿದ್ದದ್ದು ತಿದ್ದುವ ಮೊದಲಿನ ಅಳತೆ.

ಕಾರಣ ಸರಳ. ಶುದ್ಧ ಸ್ಟಿಯರಿಕ್ ಆಮ್ಲದಲ್ಲಿ ಇರುವುದು ಒಂದೇ ಬಗೆಯ ಅಣು. ಅದು ಸುಮಾರು 69° ಸೆ.ನಲ್ಲಿ ಗಟ್ಟಿಯಾಗುತ್ತದೆ. ಪೆಟ್ರೋಲಿಯಂನಿಂದ ಬರುವ ಪ್ಯಾರಫಿನ್ ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ 20ರಿಂದ 40 ಕಾರ್ಬನ್‌ಗಳ ಬೇರೆ ಬೇರೆ ಉದ್ದದ ಸರಪಳಿಗಳು ಬೆರೆತಿರುತ್ತವೆ. ತಣಿಯುವಾಗ ಉದ್ದದ ಸರಪಳಿಗಳು ಮೊದಲು ಹರಳುಗಟ್ಟುತ್ತವೆ, ಗಿಡ್ಡವು ಅನಂತರ. ಗುಪ್ತೋಷ್ಣ ಒಮ್ಮೆಗೇ ಹೊರಬರದೆ ಸ್ವಲ್ಪ ಸ್ವಲ್ಪವಾಗಿ ಹೊರಬರುವುದರಿಂದ ನಕ್ಷೆ ಓರೆಯಾಗುತ್ತದೆ.

ಜೇನುಮೇಣವೂ ಮಿಶ್ರಣವೇ. ಅದರಲ್ಲಿ ಎಸ್ಟರ್‌ಗಳೇ ಹೆಚ್ಚು. ಜೊತೆಗೆ ಹೈಡ್ರೋಕಾರ್ಬನ್, ಕೊಬ್ಬಿನ ಆಮ್ಲಗಳಿವೆ. ಅದು ಕರಗುವುದು ಸುಮಾರು 62–65° ಸೆ. ನಡುವೆ. ಈ ಎರಡು ಮೇಣಗಳನ್ನು ಬೆರೆಸಿದರೆ ಎರಡೂ ಅಂಕಿಗಳ ಸರಾಸರಿ ತೆಗೆದು ಕರಗುವ ಉಷ್ಣತೆಯನ್ನು ಹೇಳಲಾಗದು. ಅಣುಗಳ ಆಕಾರ, ಉದ್ದ ಬೇರೆಯಾದ್ದರಿಂದ ಅವು ಅಚ್ಚುಕಟ್ಟಾಗಿ ಜೋಡಣೆಯಾಗುವುದಿಲ್ಲ. ಹರಳುಗಳು ದೊಡ್ಡದಾಗಿ ಬೆಳೆಯಲು ಅಡ್ಡಿಯಾಗುತ್ತದೆ. ಬಾಟಿಕ್ ಕಲೆಗಾರರು ಇದನ್ನು ಕೈಯಿಂದಲೇ ಬಲ್ಲರು: ಬಟ್ಟೆಯ ಮೇಲೆ ಬಿರುಕಿನ ಗೆರೆಗಳು ಬೇಕಾದರೆ ಪ್ಯಾರಫಿನ್ ಹೆಚ್ಚಿಸುತ್ತಾರೆ, ಬೇಡವಾದರೆ ಬಾಗುವ ಗುಣದ ಜೇನುಮೇಣ ಹೆಚ್ಚಿಸುತ್ತಾರೆ.

ತರಗತಿಯಲ್ಲಿ ಮೂರು ಪ್ರನಾಳಗಳು ಸಾಕು: ಸ್ಟಿಯರಿಕ್ ಆಮ್ಲ, ಪ್ಯಾರಫಿನ್, ಪ್ಯಾರಫಿನ್–ಜೇನುಮೇಣದ ಸಮಪಾಲು ಮಿಶ್ರಣ. ಬಿಸಿನೀರಿನ ಬೀಕರ್‌ನಲ್ಲಿಟ್ಟೇ ಕರಗಿಸಬೇಕು. ನೇರ ಉರಿಯಲ್ಲಿ ಮೇಣದ ಆವಿಗೆ ಬೆಂಕಿ ಹತ್ತಬಹುದು. 80° ಸೆ.ನಿಂದ 40° ಸೆ.ವರೆಗೆ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆಯಲಿ. ಮೊದಲು ಮಬ್ಬಾದದ್ದು ಯಾವಾಗ, ಪೂರ್ತಿ ಗಟ್ಟಿಯಾದದ್ದು ಯಾವಾಗ ಎಂದೂ ಗುರುತಿಸಲಿ. ತಣಿದ ಮೇಲೆ ಪ್ಯಾರಫಿನ್‌ನ ನಡುಭಾಗ ಕುಸಿದಿರುವುದನ್ನು ನೋಡಿ, ನೀರು ಮಂಜುಗಡ್ಡೆಯಾಗುವುದರೊಂದಿಗೆ ಹೋಲಿಸಲಿ.

ಪಾಠ ಯೋಜನೆಯಲ್ಲಿ "ಮೇಣದ ಕರಗುವ ಬಿಂದು ಎಷ್ಟು?" ಎಂದು ಬರೆಯುವ ಬದಲು "ಯಾವ ಉಷ್ಣತೆಯಿಂದ ಯಾವ ಉಷ್ಣತೆಯವರೆಗೆ ಗಟ್ಟಿಯಾಯಿತು? ಏಕೆ?" ಎಂದು ಬರೆಯಿರಿ. ಮೌಲ್ಯಮಾಪನದಲ್ಲಿ ಓರೆ ಗೆರೆಗೂ ಪೂರ್ಣ ಅಂಕ ಕೊಡಿ. ಕಂಡದ್ದನ್ನು ಕಂಡಂತೆ ಬರೆದ ಮಗುವಿಗೆ ಅಂಕ ಕಡಿಮೆಯಾದರೆ, ಮುಂದಿನ ಪ್ರಯೋಗದಲ್ಲಿ ಅದು ಥರ್ಮಾಮೀಟರ್ ನೋಡದೆ ಪುಸ್ತಕ ನೋಡಿ ಬರೆಯುತ್ತದೆ.