ಕಪ್ಪು ಸಿಗಾರಿನ ಸಿಹಿ ಮತ್ತು ಬೆಲೆ

ಸಿಗಾರು ಕಪ್ಪಾದಷ್ಟೂ ಖಾರ ಹೆಚ್ಚು ಎಂಬ ನಂಬಿಕೆಯುಂಟು. ಇದು ಪೂರ್ತಿ ನಿಜವಲ್ಲ. ‘ಮದೂರೊ’ ಎಂದು ಹೆಸರಾದ ಕಡುಗಂದು ಸಿಗಾರಿಗೆ ಅದರ ಹೊರ ಎಲೆ ಕೊಡುವುದು ಖಾರಕ್ಕಿಂತ ಹೆಚ್ಚಾಗಿ ಸಿಹಿಯನ್ನು. ಸ್ಪ್ಯಾನಿಷ್ ಭಾಷೆಯಲ್ಲಿ ಮದೂರೊ ಎಂದರೆ ಮಾಗಿದ್ದು ಎಂದರ್ಥ.

ಈ ಮಾಗುವಿಕೆ ನಡೆಯುವುದು ಕಾವಿನಲ್ಲಿ. ಒಣಗಿಸಿದ ಹೊಗೆಸೊಪ್ಪಿಗೆ ತೇವ ಕೊಟ್ಟು ದೊಡ್ಡ ರಾಶಿಯಾಗಿ ಪೇರಿಸುತ್ತಾರೆ. ರಾಶಿಯೊಳಗೆ ತಾನಾಗಿಯೇ ಶಾಖ ಹುಟ್ಟುತ್ತದೆ. ಅದು ಮಿತಿಮೀರುವ ಮೊದಲೇ ರಾಶಿ ಬಿಚ್ಚಿ, ಒಳಗಿನ ಎಲೆ ಹೊರಗೆ, ಹೊರಗಿನದು ಒಳಗೆ ಬರುವಂತೆ ಮತ್ತೆ ಪೇರಿಸಬೇಕು. ತಿಂಗಳುಗಟ್ಟಲೆ ಹೀಗೆ ನಡೆದಾಗ ಅಮೋನಿಯಾದ ಘಾಟು ಹೋಗುತ್ತದೆ, ಒರಟುತನ ಇಳಿಯುತ್ತದೆ, ಎಲೆ ಕಪ್ಪಾಗುತ್ತದೆ. ತೆಳು ಎಲೆ ಇಷ್ಟು ಕಾವನ್ನು ತಾಳದು. ಆದ್ದರಿಂದಲೇ ಅಮೆರಿಕದ ಕನೆಕ್ಟಿಕಟ್‌ನ ಬ್ರಾಡ್‌ಲೀಫ್, ಮೆಕ್ಸಿಕೊದ ಸಾನ್ ಆಂಡ್ರೆಸ್ ಕಣಿವೆಯ ಎಲೆಗಳಂಥ ದಪ್ಪ ತಳಿಗಳಿಗೆ ಇಲ್ಲಿ ಬೇಡಿಕೆ.

ಹಾಗಾದರೆ ಖಾರ ಎಲ್ಲಿಯದು? ಬಹುಪಾಲು ಒಳಗೆ ತುಂಬಿದ ಸೊಪ್ಪಿನದು. ಗಿಡದ ಮೇಲ್ಭಾಗದ, ಬಿಸಿಲುಂಡು ದಪ್ಪಗಾದ ಎಲೆಗಳಲ್ಲಿ ಎಣ್ಣೆಯೂ ನಿಕೋಟಿನ್ನೂ ಹೆಚ್ಚು. ಕ್ಯೂಬಾದವರು ಇದನ್ನು ‘ಲಿಹೆರೊ’ ಎನ್ನುತ್ತಾರೆ. ಆ ಪದದ ಅರ್ಥ ಹಗುರ ಎಂಬುದೇ ತಮಾಷೆ! ಈ ಎಲೆ ಹೆಚ್ಚಿದ್ದರೆ ತಿಳಿಬಣ್ಣದ ಸಿಗಾರೂ ತಲೆ ತಿರುಗಿಸಬಲ್ಲದು.

ಇಂಥ ಸಿಗಾರನ್ನು ಅವಸರದಲ್ಲಿ ಸೇದುವಂತಿಲ್ಲ. ನಿಮಿಷಕ್ಕೆ ಸುಮಾರು ಒಂದು ಸೆಳೆತ ಸಾಕು. ಬೇಗ ಬೇಗ ಎಳೆದರೆ ತುದಿ ಕಾದು ಹೊಗೆ ಕಹಿಯಾಗುತ್ತದೆ. ಹೊಗೆಯನ್ನು ಎದೆಗೆ ಇಳಿಸದೆ ಬಾಯಲ್ಲೇ ಆಡಿಸಿ ಬಿಡುವುದು ವಾಡಿಕೆ. ಆಗ ಮೆಣಸಿನ ಚುರುಕು, ಹುರಿದ ಕಾಫಿ ಬೀಜದ ಕಂಪು, ಕೋಕೊದ ಕಹಿ, ಜೋನಿಬೆಲ್ಲದಂಥ ಸಿಹಿ ಒಂದೊಂದಾಗಿ ಗೊತ್ತಾಗುತ್ತವೆ ಎನ್ನುತ್ತಾರೆ ರಸಿಕರು.

ಎದೆಗೆ ಇಳಿಸದಿದ್ದರೆ ಅಪಾಯವಿಲ್ಲ ಎಂಬುದು ಮಾತ್ರ ಇನ್ನೊಂದು ತಪ್ಪು ನಂಬಿಕೆ. ಸಿಗಾರಿನ ಹೊಗೆ ಕ್ಷಾರಗುಣದ್ದು. ಅದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಚಟ ಹತ್ತಲು ಅಷ್ಟು ಸಾಕು. ಕ್ಯಾನ್ಸರ್ ತರುವ ವಸ್ತುಗಳೂ ಅದೇ ಹೊಗೆಯಲ್ಲಿವೆ. ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ದಿನಕ್ಕೆ ಇಪ್ಪತ್ತರಷ್ಟು ಸಿಗಾರು ಸೇದುತ್ತಿದ್ದರು. 1923ರಲ್ಲಿ ಅವರ ಬಾಯಲ್ಲಿ ಕ್ಯಾನ್ಸರ್ ಕಾಣಿಸಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಮೇಲ್ದವಡೆಯ ಭಾಗ ಹೋಗಿ ಕೃತಕ ದವಡೆ ಬಂತು. ಸಿಗಾರು ಮಾತ್ರ ಬಿಡಲಾಗಲಿಲ್ಲ. 1939ರಲ್ಲಿ ತೀರಿಕೊಳ್ಳುವವರೆಗೂ ಆ ನೋವು ಅವರ ಜೊತೆಗಿತ್ತು. ಮನುಷ್ಯನ ಹಂಬಲಗಳ ಒಳಹೊರಗನ್ನು ಜಗತ್ತಿಗೆ ಬಿಡಿಸಿ ಹೇಳಿದವರು, ತಮ್ಮದೊಂದು ಹಂಬಲದ ಮುಂದೆ ಸೋತರು.