ಅಂಗಡಿಗೆ ರೋಬೋಟ್ ಬಂತು. ಕೆಲಸ ಯಾರ ತಲೆ ಮೇಲೆ ಬಿತ್ತು?

ಅಮೆರಿಕದ ‘ಸ್ಟಾಪ್ ಅಂಡ್ ಶಾಪ್’ ದಿನಸಿ ಅಂಗಡಿಗಳಿಗೆ 2019ರಲ್ಲಿ ಮಾರ್ಟಿ ಎಂಬ ರೋಬೋಟ್ ಬಂತು. ಆಳೆತ್ತರದ ಬೂದು ಕಂಬ, ಅದಕ್ಕೆ ಅಂಟಿಸಿದ ಎರಡು ದೊಡ್ಡ ಗೊಂಬೆ ಕಣ್ಣು. ಸಾಲುಗಳ ನಡುವೆ ನಿಧಾನಕ್ಕೆ ಓಡಾಡುತ್ತಾ ನೆಲದ ಮೇಲೆ ಹಾಲು ಚೆಲ್ಲಿದ್ದರೆ, ದ್ರಾಕ್ಷಿ ಬಿದ್ದಿದ್ದರೆ ಗುರುತಿಸುತ್ತದೆ. ಗುರುತಿಸಿ ಏನು ಮಾಡುತ್ತೆ ಗೊತ್ತಾ? ಅಲ್ಲೇ ನಿಂತು, ಇಲ್ಲಿ ಏನೋ ಬಿದ್ದಿದೆ ಅಂತ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಕೂಗುತ್ತದೆ. ಬಂದು ಒರೆಸೋದು ಮನುಷ್ಯರೇ.

ಎಂಜಿನಿಯರಿಂಗ್ ಕೊನೇ ಸೆಮಿಸ್ಟರ್‌ನಲ್ಲಿ ನಾನೂ ಒಂದು ಲೈನ್ ಫಾಲೋವರ್ ರೋಬೋಟ್ ಮಾಡಿದ್ದೆ (ಮಾಡದ ಎಂಜಿನಿಯರ್ ಯಾರಿದ್ದಾರೆ ಹೇಳಿ). ಬಿಳಿ ಚಾರ್ಟ್ ಮೇಲೆ ಕಪ್ಪು ಟೇಪ್ ಅಂಟಿಸಿದರೆ ಅಚ್ಚುಕಟ್ಟಾಗಿ ಓಡುತ್ತಿತ್ತು. ವೈವಾ ದಿನ ಕಿಟಕಿಯಿಂದ ಬಿಸಿಲು ಬಿತ್ತು ನೋಡಿ, ಸೆನ್ಸರ್‌ಗೆ ಕಪ್ಪು ಯಾವುದು ಬಿಳಿ ಯಾವುದು ತಿಳಿಯದೆ ಸೀದಾ ಹೋಗಿ ಮೇಷ್ಟ್ರ ಶೂಗೆ ಗುದ್ದಿತು. ಯಂತ್ರ ಓಡಬೇಕಾದರೆ ಅದರ ಸುತ್ತಲಿನ ಜಗತ್ತನ್ನು ಯಾರೋ ಅದಕ್ಕೆ ಹೊಂದುವಂತೆ ಜೋಡಿಸಿಕೊಡಬೇಕು ಅಂತ ಆವತ್ತು ಅರ್ಥವಾಯಿತು. ಅಂಗಡಿಯ ಯಂತ್ರಗಳ ವಿಷಯದಲ್ಲಿ ಆ ‘ಯಾರೋ’ ಯಾರು ಅಂತ ಹುಡುಕಿದರೆ ಕಥೆ ಬೆಂಗಳೂರಿನ ತನಕ ಬರುತ್ತದೆ.

ಮೊದಲು ಹಳೆಯ ಕಥೆ. ಅಮೆರಿಕದಲ್ಲೂ ಒಂದು ಕಾಲದಲ್ಲಿ ನಮ್ಮೂರ ಶೆಟ್ರ ಅಂಗಡಿಯದೇ ಪದ್ಧತಿ ಇತ್ತು. ಚೀಟಿ ಕೊಟ್ಟರೆ ಗಲ್ಲದ ಆಚೆ ಇರುವವರು ತೂಗಿ, ಕಟ್ಟಿ ಕೊಡುತ್ತಿದ್ದರು. 1916ರಲ್ಲಿ ಮೆಂಫಿಸ್ ಪಟ್ಟಣದ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಅಂಗಡಿ ತೆರೆದು, ಬುಟ್ಟಿಯನ್ನು ಗಿರಾಕಿಯ ಕೈಗೇ ಕೊಟ್ಟ. ನೀವೇ ಹುಡುಕಿ, ನೀವೇ ತೆಗೆದುಕೊಳ್ಳಿ, ನೀವೇ ಹೊತ್ತು ತನ್ನಿ. ಸಂಬಳದ ಗುಮಾಸ್ತ ಮಾಡುತ್ತಿದ್ದ ಕೆಲಸವನ್ನು ಗಿರಾಕಿ ಬಿಟ್ಟಿಯಾಗಿ ಮಾಡತೊಡಗಿದ. ಇಂದಿನ ಸೂಪರ್ ಮಾರ್ಕೆಟ್‌ಗೆ ಅದೇ ಬುನಾದಿ.

ಅದೇ ಸಾಂಡರ್ಸ್ 1937ರಲ್ಲಿ ‘ಕೀಡೂಜಲ್’ ಎಂಬ ಸಂಪೂರ್ಣ ಯಾಂತ್ರಿಕ ಅಂಗಡಿ ಮಾಡಿದ. ಗಾಜಿನ ಹಿಂದೆ ಮಾಲು, ಗಿರಾಕಿಯ ಕೈಯಲ್ಲಿ ಒಂದು ಕೀಲಿ. ಕೀಲಿ ತೂರಿಸಿ ಆರಿಸಿಕೊಂಡರೆ ಸಾಮಾನು ಬೆಲ್ಟ್ ಮೇಲೆ ಜಾರಿ ಬರಬೇಕು. ಜನ ಜಾಸ್ತಿಯಾದಾಗ ಯಂತ್ರ ಕೆಡುತ್ತಿತ್ತು, ಒಬ್ಬರ ಸಾಮಾನು ಇನ್ನೊಬ್ಬರಿಗೆ ಹೋಗುತ್ತಿತ್ತು. ಗೆದ್ದದ್ದು ಬುಟ್ಟಿ, ಸೋತದ್ದು ಬೆಲ್ಟ್. ಸೆಲ್ಫ್ ಚೆಕ್‌ಔಟ್ ಕೂಡ ಬುಟ್ಟಿಯ ಮೊಮ್ಮಗುವೇ. ಅಲ್ಲಿ ಬಿಲ್ಲಿಂಗ್ ಮಾಡುವುದು ಯಂತ್ರವಲ್ಲ, ನೀವು. ಇಂಗ್ಲೆಂಡಿನ ‘ಬೂತ್ಸ್’ ಎಂಬ ಸಣ್ಣ ಸರಣಿ 2023ರಲ್ಲಿ ತನ್ನ 28 ಅಂಗಡಿಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆ ಇವನ್ನು ಕಿತ್ತುಹಾಕಿ ಮನುಷ್ಯರನ್ನೇ ಕೂರಿಸುವುದಾಗಿ ಹೇಳಿತು.

ಹಾಗಂತ ನಿಜವಾದ ರೋಬೋಟ್‌ಗಳೇ ಇಲ್ಲ ಅಂತಲ್ಲ. ಬ್ರಿಟನ್ನಿನ ‘ಒಕಾಡೊ’ ಕಂಪನಿಯ ಗೋದಾಮಿನ ವಿಡಿಯೊ ನೋಡಿ, ಎಂಜಿನಿಯರ್ ಆಗಿದ್ದವರಿಗೆ ಮೈ ಜುಂ ಅನ್ನುತ್ತೆ. ದಿನಸಿ ತುಂಬಿದ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಮೇಲ್ಗಡೆ ಚದುರಂಗದ ಮಣೆಯಂಥ ಹಳಿ. ಅದರ ಮೇಲೆ ವಾಷಿಂಗ್ ಮಷೀನ್ ಗಾತ್ರದ ರೋಬೋಟ್‌ಗಳು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುತ್ತಾ, ಬೇಕಾದ ಕ್ರೇಟನ್ನು ಬಾವಿಯಿಂದ ನೀರು ಸೇದಿದ ಹಾಗೆ ಮೇಲಕ್ಕೆಳೆದು ತರುತ್ತವೆ.

ತಂದು ಎಲ್ಲಿಗೆ ಕೊಡುತ್ತವೆ? ಬಹುಮಟ್ಟಿಗೆ ಒಬ್ಬ ಮನುಷ್ಯನ ಮುಂದೆ. ಕ್ರೇಟ್ ಎತ್ತುವುದು ಯಂತ್ರಕ್ಕೆ ಸಲೀಸು, ಯಾಕಂದರೆ ಎಲ್ಲ ಕ್ರೇಟೂ ಒಂದೇ ಅಳತೆ. ಟೊಮೆಟೊ ಹಾಗಲ್ಲ. ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಒಡೆದಿದೆ. ಹಾಲಿನ ಪ್ಯಾಕೆಟ್ ಹಿಡಿದಲ್ಲೆಲ್ಲ ಆಕಾರ ಬದಲಿಸುತ್ತೆ. ನಮ್ಮ ಬೆರಳು ಯೋಚಿಸದೆ ಮಾಡುವ ಈ ಕೆಲಸ ರೋಬೋಟಿಕ್ಸ್‌ನಲ್ಲಿ ಇವತ್ತಿಗೂ ಕಬ್ಬಿಣದ ಕಡಲೆ. ರೋಬೋಟ್ ಕೈಗಳೂ ಬರುತ್ತಿವೆ, ಆದರೆ ಕೆಲವು ಬಗೆಯ ವಸ್ತುಗಳಿಗೆ ಮಾತ್ರ.

ಇದರ ಖರ್ಚೂ ಕಮ್ಮಿಯಲ್ಲ. ಬ್ಯಾಟರಿ ಚಾರ್ಜಿಂಗ್ ಘಟಕದ ವಿದ್ಯುತ್ ದೋಷದಿಂದ 2019ರಲ್ಲಿ ಆಂಡೋವರ್‌ನ ಒಕಾಡೊ ಗೋದಾಮು ಸುಟ್ಟುಹೋಯಿತು. 2021ರಲ್ಲಿ ಎರಿತ್‌ನಲ್ಲಿ ಮೂರು ರೋಬೋಟ್ ಡಿಕ್ಕಿಯಾಗಿ ಮತ್ತೆ ಬೆಂಕಿ. ಒಕಾಡೊ ತಂತ್ರಜ್ಞಾನ ನೆಚ್ಚಿ 20 ಕೇಂದ್ರ ಕಟ್ಟುತ್ತೇವೆ ಅಂತ 2018ರಲ್ಲಿ ಹೊರಟ ಅಮೆರಿಕದ ‘ಕ್ರೋಗರ್’, 2025ರ ನವೆಂಬರ್‌ನಲ್ಲಿ ಮೂರು ಕೇಂದ್ರ ಮುಚ್ಚುವುದಾಗಿ ಪ್ರಕಟಿಸಿ, ಒಕಾಡೊಗೆ 35 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆರ್ಡರ್ ಬರಲಿ ಬಿಡಲಿ, ಇಷ್ಟು ದೊಡ್ಡ ಯಂತ್ರದ ಖರ್ಚು ಓಡುತ್ತಲೇ ಇರುತ್ತದೆ. ಆರ್ಡರ್ ಇಲ್ಲದ ದಿನ ಮನುಷ್ಯನನ್ನು ಮನೆಗೆ ಕಳಿಸಬಹುದು, ರೋಬೋಟನ್ನು ಎಲ್ಲಿಗೆ ಕಳಿಸ್ತೀರಿ?

ಈಗ ನಮ್ಮ ದೇಶಕ್ಕೆ ಬರೋಣ. 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ‘ಅಮೆಜಾನ್ ಗೋ’ ತೆರೆಯಿತು. ಕ್ಯಾಷಿಯರ್ ಇಲ್ಲ, ಕ್ಯೂ ಇಲ್ಲ. ಸಾಮಾನು ಎತ್ತಿಕೊಂಡು ನಡೆದುಬಿಡಿ, ಚಾವಣಿಯ ಕ್ಯಾಮೆರಾ ಮತ್ತು ಕಪಾಟಿನ ತೂಕದ ಸೆನ್ಸರ್ ಸೇರಿ ಬಿಲ್ ಮಾಡುತ್ತವೆ. ಈ ‘ಜಸ್ಟ್ ವಾಕ್ ಔಟ್’ ವ್ಯವಸ್ಥೆಯನ್ನು 2024ರಲ್ಲಿ ಅಮೆಜಾನ್ ಅಮೆರಿಕದ ತನ್ನ ‘ಫ್ರೆಶ್’ ಅಂಗಡಿಗಳಿಂದ ತೆಗೆಯಿತು. ‘ದಿ ಇನ್ಫರ್ಮೇಷನ್’ ಎಂಬ ಸುದ್ದಿತಾಣದ ವರದಿ ಪ್ರಕಾರ, ಈ ವ್ಯವಸ್ಥೆಯ ಹಿಂದೆ ಭಾರತದಲ್ಲಿ ಸುಮಾರು 1,000 ಜನ ಕೂತು ವಿಡಿಯೊ ನೋಡುತ್ತಿದ್ದರು. 2022ರಲ್ಲಿ ಪ್ರತಿ 1,000 ಖರೀದಿಗಳಲ್ಲಿ ಸುಮಾರು 700ಕ್ಕೆ ಮನುಷ್ಯರ ಪರಿಶೀಲನೆ ಬೇಕಾಗಿತ್ತಂತೆ. ಅಮೆಜಾನ್ ಇದನ್ನು ಒಪ್ಪಲಿಲ್ಲ. ಅವರ ಮುಖ್ಯ ಕೆಲಸ ಎಐ ಕಲಿಕೆಗೆ ವಿಡಿಯೊಗಳನ್ನು ಗುರುತು ಮಾಡಿಕೊಡುವುದು, ಖರೀದಿಗಳ ಸಣ್ಣ ಪಾಲನ್ನಷ್ಟೇ ಜನ ಪರಿಶೀಲಿಸುತ್ತಾರೆ ಅಂತ ಹೇಳಿತು.

ಕಂಪನಿಯ ಮಾತನ್ನೇ ಪೂರ್ತಿ ನಂಬೋಣ. ಆಗಲೂ ಉಳಿಯುವುದೇನು? ಅಮೆರಿಕದಲ್ಲಿ ಗಲ್ಲದ ಮೇಲೆ ಕಾಣುತ್ತಿದ್ದ ಕೆಲಸದ ಒಂದಷ್ಟು ಭಾಗ ನಮ್ಮ ಊರುಗಳ ಯಾವುದೋ ಕಟ್ಟಡದ ಮಾನಿಟರ್ ಮುಂದೆ ಬಂತು. ಸಂಬಳ ಕಮ್ಮಿಯಾಯಿತು, ಮುಖ ಮರೆಯಾಯಿತು. ‘ಯಂತ್ರ ಬಿಲ್ ಮಾಡುತ್ತೆ’ ಅಂತ ನಂಬಿದ ಗಿರಾಕಿಗೆ ತಾನು ಎತ್ತಿಕೊಂಡ ಬ್ರೆಡ್ಡನ್ನು ಯಾರೋ ಎಣಿಸಿದ್ದು ಗೊತ್ತೇ ಆಗಲಿಲ್ಲ.

ಇನ್ನು ಬೆಂಗಳೂರಿನಲ್ಲೇ ಇರುವ ದಿನಸಿ ಯಂತ್ರ. ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್‌ಗಳ ಡಾರ್ಕ್ ಸ್ಟೋರ್‌ಗಳಲ್ಲಿ ಹಳಿ ಮೇಲೆ ಓಡುವ ರೋಬೋಟ್ ಹುಡುಕಬೇಡಿ. ಒಕಾಡೊ ಮಾದರಿಗೆ ಕೋಟಿಗಟ್ಟಲೆ ಬಂಡವಾಳ ಬೇಕು, ನಮ್ಮಲ್ಲಿ ಕೈಗಳು ಅಗ್ಗ. ಹಾಗಾಗಿ ಇಲ್ಲಿ ಯಂತ್ರ ಆಗಿರೋದು ತಲೆ ಮಾತ್ರ. ಯಾವ ಸಾಮಾನು ಎಷ್ಟು ತರಿಸಬೇಕು, ಯಾವ ರ‍್ಯಾಕ್‌ನಲ್ಲಿ ಇಡಬೇಕು, ಯಾರು ಯಾವ ದಾರಿಯಲ್ಲಿ ಹೋಗಿ ತರಬೇಕು ಅನ್ನೋದನ್ನು ಸಾಫ್ಟ್‌ವೇರ್ ನಿರ್ಧರಿಸುತ್ತೆ. ಕೈಕಾಲು ಮನುಷ್ಯರದ್ದು. ಒಕಾಡೊದಲ್ಲಿ ಕ್ರೇಟ್ ಮನುಷ್ಯನ ಬಳಿಗೆ ಓಡಿ ಬರುತ್ತೆ, ಇಲ್ಲಿ ಮನುಷ್ಯ ಕ್ರೇಟಿನ ಬಳಿಗೆ ಓಡುತ್ತಾನೆ.

2025ರ ಡಿಸೆಂಬರ್ 31ರಂದು ಡೆಲಿವರಿ ಕಾರ್ಮಿಕರು ದೇಶದ ಹಲವೆಡೆ ಮುಷ್ಕರ ಮಾಡಿದಾಗ, ಬ್ಲಿಂಕಿಟ್‌ನ ಮಾತೃಸಂಸ್ಥೆಯ ದೀಪಿಂದರ್ ಗೋಯಲ್ ಒಂದು ಸಮರ್ಥನೆ ಕೊಟ್ಟರು. ಬೇಗ ತಲುಪುವುದು ಗಾಡಿ ವೇಗವಾಗಿ ಓಡಿಸುವುದರಿಂದ ಅಲ್ಲ, ಅಂಗಡಿ ಹತ್ತಿರ ಇರುವುದರಿಂದ. ಆರ್ಡರ್ ಎರಡೂವರೆ ನಿಮಿಷದಲ್ಲಿ ಪ್ಯಾಕ್ ಆಗುತ್ತೆ ಅಂತ. ಗಣಿತ ಸರಿಯಾಗೇ ಇದೆ. ಆದರೆ ರಸ್ತೆ ಮೇಲೆ ಉಳಿಸಿದ ನಿಮಿಷಗಳನ್ನು ಯಾರ ಕಾಲಿನಿಂದ ವಸೂಲಿ ಮಾಡಲಾಗುತ್ತಿದೆ ಅನ್ನೋದು ಆ ಲೆಕ್ಕದಲ್ಲೇ ಇದೆ. ಮುಂದಿನ ತಿಂಗಳು, ಕೇಂದ್ರ ಕಾರ್ಮಿಕ ಸಚಿವರ ಮಾತುಕತೆಯ ನಂತರ, ಬ್ಲಿಂಕಿಟ್ ತನ್ನ ಪ್ರಚಾರದಿಂದ ‘10 ನಿಮಿಷ’ ಅನ್ನೋದನ್ನು ತೆಗೆಯಿತು. ಆ ಚರ್ಚೆ ಹೆಚ್ಚುಕಮ್ಮಿ ರೈಡರ್‌ಗಳ ಸುತ್ತಲೇ ನಡೆಯಿತು. ಶಟರ್ ಒಳಗೆ ಓಡುವವರ ಎರಡೂವರೆ ನಿಮಿಷದ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಕಾನೂನಿನಲ್ಲೂ ಇದೇ ಬಿರುಕು. ಕರ್ನಾಟಕ 2025ರಲ್ಲಿ ತಂದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಒಳ್ಳೆಯ ಹೆಜ್ಜೆ, ಮುಲಾಜಿಲ್ಲದೆ ಹೇಳ್ತೀನಿ. ಕಲ್ಯಾಣ ಮಂಡಳಿ ಇದೆ, ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಇದೆ. ಅದಕ್ಕಿಂತ ಮುಖ್ಯವಾಗಿ, ಕಂಪನಿಯ ಸ್ವಯಂಚಾಲಿತ ವ್ಯವಸ್ಥೆ ತನ್ನ ಕೆಲಸ, ಗಳಿಕೆ, ರೇಟಿಂಗ್ ಅನ್ನು ಹೇಗೆ ನಿರ್ಧರಿಸುತ್ತೆ ಅಂತ ತಿಳಿಯುವ ಹಕ್ಕು ಕಾರ್ಮಿಕನಿಗಿದೆ. ಆದರೆ ಇದು ಗಿಗ್ ಕಾರ್ಮಿಕರಿಗೆ. ಡಾರ್ಕ್ ಸ್ಟೋರ್ ಒಳಗಿನ ಪಿಕ್ಕರ್‌ಗಳು ಸಾಮಾನ್ಯವಾಗಿ ಗುತ್ತಿಗೆದಾರನ ಮೂಲಕ ತಿಂಗಳ ಸಂಬಳಕ್ಕೆ ಬಂದವರು. ಅವರ ಪಾಲಿಗಿರುವುದು ಗುತ್ತಿಗೆ ಕಾರ್ಮಿಕರ ನಿಯಮ. 2025ರ ನವೆಂಬರ್‌ನಲ್ಲಿ ಜಾರಿಯಾದ ಕೇಂದ್ರದ ಸಂಹಿತೆ ಆ ನಿಯಮ ಅನ್ವಯವಾಗುವ ಮಿತಿಯನ್ನೂ 20 ಕಾರ್ಮಿಕರಿಂದ 50ಕ್ಕೆ ಏರಿಸಿದೆ. ಒಂದೇ ಆರ್ಡರ್, ಒಂದೇ ಆ್ಯಪ್. ಬಾಗಿಲ ಹೊರಗೆ ನಿಂತವನು ಅಲ್ಗಾರಿದಮ್ ಬಗ್ಗೆ ಪ್ರಶ್ನೆ ಕೇಳಬಹುದು, ಒಳಗೆ ಚೀಲ ತುಂಬಿಸುವವನಿಗೆ ಆ ಹಕ್ಕಿಲ್ಲ. ತಿದ್ದುಪಡಿ ಅಸಾಧ್ಯವೇನಲ್ಲ. ಸ್ವಯಂಚಾಲಿತ ವ್ಯವಸ್ಥೆಯ ಅಡಿ ಕೆಲಸ ಮಾಡುವ ಎಲ್ಲರಿಗೂ, ಸಂಬಳ ಯಾರ ಖಾತೆಯಿಂದಲೇ ಬರಲಿ, ಆ ಹಕ್ಕು ಅನ್ವಯ ಅಂತ ಒಂದು ಸಾಲು ಸೇರಿಸಿದರೆ ಸಾಕು. ಈ ಬೇಡಿಕೆಯನ್ನು ಕಾರ್ಮಿಕ ಸಂಘಟನೆಗಳ ಜೊತೆ ನಿಂತು ಕೇಳಬೇಕಾದವರಲ್ಲಿ ಕೋಡ್ ಬರೆಯುವ ನನ್ನ ಕ್ಲಾಸ್‌ಮೇಟ್‌ಗಳೂ ಇದ್ದಾರೆ.

ಕಳೆದ ವಾರ ನಮ್ಮ ಏರಿಯಾದ ಡಾರ್ಕ್ ಸ್ಟೋರ್ ಪಕ್ಕದ ಟೀ ಅಂಗಡಿಯಲ್ಲಿ ಹಾಸನ ಕಡೆಯ ಹುಡುಗನೊಬ್ಬ ಸಿಕ್ಕಿದ್ದ. ಪಿಕ್ಕರ್. ಒಂದು ಶಿಫ್ಟಿನಲ್ಲಿ ಎಷ್ಟು ನಡೀತೀಯ ಅಂತ ಕೇಳಿದೆ. “ನಡೆಯೋದಾ? ಓಡೋದು ಅಣ್ಣ” ಅಂತ ನಕ್ಕ. ತಡವಾದರೆ ಕೈಯಲ್ಲಿನ ಸ್ಕ್ಯಾನರ್ ಪರದೆ ಕೆಂಪಾಗುತ್ತಂತೆ. ಎಷ್ಟು ಸೆಕೆಂಡಿಗೆ ಕೆಂಪಾಗಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ ಅಂದೆ.

“ಸಿಸ್ಟಮ್ ಅಣ್ಣ” ಅಂದ. ಅರ್ಧ ಲೋಟ ಟೀ ಅಲ್ಲೇ ಬಿಟ್ಟು ಒಳಗೆ ಓಡಿದ.